ಸಾಹೇಬರು ಬರುತ್ತಾರೆಂದು ಗುಡಿಸಿದ ಬಯಲು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ ಎಂದು ಮೂರು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ ಎಂದರೆ ನನ್ನ ಕಸುಬಿನವರು ಬಿದ್ದು ಬಿದ್ದು ನಗುತ್ತಾರೆ. ನಾನು ಸರ್ಕಾರಿ ಕಚೇರಿಯ ಕಾಂಪೌಂಡಿನ ಹೊರಗೆ ಟೇಬಲ್ ಹಾಕಿಕೊಂಡು ಕೂತಿರುವ ಬಾಂಡ್ ರೈಟರ್. ಹೆಸರು ಜ್ಞಾನದೇವ. ಇಪ್ಪತ್ತೆರಡು ವರ್ಷದಿಂದ ಊರ ಮಂದಿಯ ಅರ್ಜಿ, ತಕರಾರು, ಒಪ್ಪಿಗೆ ಪತ್ರ, ಅಣ್ಣತಮ್ಮಂದಿರು ಪಾಲಾಗುವ ವಾಟ್ನಿ ಪತ್ರ ಬರೆದು ಹೊಟ್ಟೆ ಹೊರೆದವನು. ಅರ್ಜಿಗೆ ಆರಂಭದ ಚಿಂತೆ ಇರುವುದಿಲ್ಲ. 'ಇವರಿಗೆ, ಮಾನ್ಯ' ಎಂದು ಬರೆದರೆ ಉಳಿದದ್ದು ತಾನಾಗಿಯೇ ಇಳಿದು ಬರುತ್ತದೆ. ಕೊನೆಯ ಚಿಂತೆಯೂ ಇಲ್ಲ, 'ತಮ್ಮ ವಿಶ್ವಾಸಿ' ಎಂದರೆ ಮುಗಿಯಿತು. ನಡುವೆ ಏನು ತುರುಕಿದರೂ ನಡೆಯುತ್ತದೆ, ಯಾರೂ ಓದುವುದಿಲ್ಲ.

ಕಥೆಯನ್ನು ನೀವು ಓದುತ್ತೀರಿ. ಅದೇ ದೊಡ್ಡ ತಾಪತ್ರಯ.

ಊರಿನ ಹೆಸರು ಕೇಳಬೇಡಿ. ಅಥಣಿಯಿಂದ ಉಗಾರದ ಕಡೆ ಹೋಗುವಾಗ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಬಿದ್ದು ಬೈದುಕೊಳ್ಳುತ್ತೀರಲ್ಲ, ಆ ರಸ್ತೆಯ ಎಡಕ್ಕೋ ಬಲಕ್ಕೋ ಇದೆ ಅಂದುಕೊಳ್ಳಿ. ಹೆಸರು ಬರೆದರೆ ನಾಳೆ ಬೆಳಿಗ್ಗೆ ನನ್ನ ಟೇಬಲ್ ಗಟಾರದಲ್ಲಿ ಇರುತ್ತದೆ. ಧೈರ್ಯವಂತ ಲೇಖಕರೇ ಬೇಕೆಂದರೆ ಬೇರೆ ಪುಸ್ತಕ ತೆಗೆಯಿರಿ.

೨

ಮೊದಲ ಕರಡು ಹೀಗಿತ್ತು:

'ಬೇವಿನ ಮರಗಳ ತಣ್ಣೆಳಲಲ್ಲಿ ಹಸಿರು ಬಯಲು ಕನಸು ಕಾಣುತ್ತಿತ್ತು. ದೂರದಲ್ಲಿ ಜೆಸಿಬಿಯ ಗರ್ಜನೆ ಕೇಳಿಸಿತು. ಅರವತ್ತೈದರ ಶಿವಗಂಗವ್ವ ಕಣ್ಣಲ್ಲಿ ಬೆಂಕಿ ತುಂಬಿಕೊಂಡು ಓಡಿ ಬಂದಳು. ಜೆಸಿಬಿಯ ಮುಂದೆ ಅಡ್ಡ ಮಲಗಿದಳು.'

ಇದನ್ನು ನಾನು ಶಿವಗಂಗವ್ವನಿಗೇ ಓದಿ ಹೇಳಿದೆ. (ತಪ್ಪು ನನ್ನದೇ. ಪಾತ್ರಗಳಿಗೆ ಕರಡು ತೋರಿಸಬಾರದು. ಅದರಲ್ಲೂ ಆ ಪಾತ್ರ ನಿಮ್ಮ ಮನೆಯಿಂದ ಮೂರನೇ ಮನೆಯಲ್ಲಿದ್ದರೆ ತೋರಿಸಲೇಬಾರದು.) ಶಿವಗಂಗವ್ವ ನಮ್ಮ ಓಣಿಗೆ ಹಿರಿಯಳು, ನಾನು ಕಾಕು ಎನ್ನುತ್ತೇನೆ. ಅವಳ ಗಂಡ ಮುರಗೆಪ್ಪ ಕಾಕಾ ಸಕ್ಕರೆ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ, ತೀರಿಕೊಂಡು ಆರು ವರ್ಷವಾಯಿತು. ಕಾಕು ಮೊರದಲ್ಲಿ ಗೋಧಿ ಕೇರುತ್ತ ಪೂರ್ತಿ ಕೇಳಿದಳು. ಆಮೇಲೆ ಮೊರ ಕೆಳಗಿಟ್ಟಳು.

"ನಾ ಯಾಕ ಅಡ್ಡ ಮಕ್ಕೋಳ್ಲಿ? ನನ್ನ ಸೊಂಟದ್ದು ನಿನಗ ಗೊತ್ತಿಲ್ಲೇನ? ಒಮ್ಮೆ ಮಕ್ಕೊಂಡ್ರ ಎಬ್ಬಸಾಕ ನಾಕ ಮಂದಿ ಬೇಕು. ಮತ್ತ ಜೆಸಿಬಿ ಎಲ್ಲೈತಿ? ನಾ ಅಂತೂ ನೋಡಿಲ್ಲ."

ಜೆಸಿಬಿ ಇರಲಿಲ್ಲ, ನಿಜ. ಜೆಸಿಬಿ ಬರುವುದು ಕಟ್ಟಕಡೆಗೆ. ಅದಕ್ಕಿಂತ ಎಷ್ಟೋ ಮೊದಲು ಕಾಗದ ಬರುತ್ತದೆ. ಹಗಲೆಲ್ಲ ಕಾಗದದ ನಡುವೆ ಕೂರುವ ನಾನು ಅದನ್ನು ಮರೆತು ಸಿನಿಮಾದ ಯಂತ್ರ ತಂದು ನಿಲ್ಲಿಸಿದ್ದೆ. ಕರಡನ್ನು ಹರಿದು ಹಾಕಿದೆ. ಬೇವಿನ ಮರಗಳನ್ನು ಮಾತ್ರ ಉಳಿಸಿಕೊಂಡಿದ್ದೇನೆ, ಅವು ಇರುವುದು ಖರೆ.

೨ (ಮತ್ತೊಮ್ಮೆ)

ನಾಲ್ಕು ಬೇವು, ಒಂದು ಹುಣಸೆ, ಉಳಿದದ್ದೆಲ್ಲ ಕರಿಕೆ ಹುಲ್ಲು. ಒಟ್ಟು ಇಪ್ಪತ್ತು ಗುಂಟೆ. ಮೂವತ್ತೈದು ವರ್ಷದ ಕೆಳಗೆ ಆಬಾಸಾಹೇಬನ (ಅವನ ಮಾತು ಮುಂದೆ ಬರುತ್ತದೆ) ಅಪ್ಪ ತಮ್ಮ ಹೊಲದಲ್ಲಿ ಪ್ಲಾಟು ಹಾಕಿ ಮಾರಿದಾಗ ನಕ್ಷೆಯಲ್ಲಿ ಇಷ್ಟು ಜಾಗಕ್ಕೆ ಹಸಿರು ಬಣ್ಣ ಬಳಿದು 'ಉದ್ಯಾನಕ್ಕೆ ಮೀಸಲು' ಎಂದು ಬರೆಸಿದ್ದರು. ಉದ್ಯಾನ ಆಗಲಿಲ್ಲ. ಬೆಂಚಿಲ್ಲ, ಕಾರಂಜಿ ಇಲ್ಲ, ಬೋರ್ಡೂ ಇಲ್ಲ. ನಾವೆಲ್ಲ ಅದಕ್ಕೆ ಬಯಲು ಎನ್ನುತ್ತೇವೆ.

ಆದರೆ ಶಿವರಾತ್ರಿ ಮುಗಿದು ಮೃಗಶಿರಾ ಮಳೆ, ನಮ್ಮ ಬಾಯಲ್ಲಿ ಮಿರಗ, ಬರುವವರೆಗೆ ಒಮ್ಮೆ ಬಂದು ನೋಡಿ. ಇಡೀ ಪ್ಲಾಟಿನ ಶ್ಯಾವಿಗೆ, ಹಪ್ಪಳ, ಸಂಡಿಗೆ, ಕುರಡಗಿ ಒಣಗುವುದು ಅಲ್ಲೇ, ಸಾಲು ಸಾಲು ಹೊರಸಿನ (ಹಗ್ಗ ಹೆಣೆದ ಮಂಚ) ಮೇಲೆ, ಹಳೆ ಸೀರೆ ಹಾಸಿ. ನಮ್ಮಲ್ಲಿ ಯಾವ ಹೆಂಗಸೂ ಒಬ್ಬಳೇ ಕೂತು ಶ್ಯಾವಿಗೆ ಮಾಡುವುದಿಲ್ಲ. ಇವತ್ತು ಎಲ್ಲರೂ ನಿಮ್ಮ ಮನೆಯ ಶ್ಯಾವಿಗೆಗೆ, ನಾಳೆ ನೀವು ಅವರ ಮನೆಯದಕ್ಕೆ. ಮುಯ್ಯಾಳು. ಯಂತ್ರದ ಶ್ಯಾವಿಗೆ ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತದೆ, ಆದರೂ ಈ ಪದ್ಧತಿ ಬಿಟ್ಟಿಲ್ಲ. ಎಳೆ ತೆಗೆಯುವುದರಲ್ಲಿ ನೂರಜಾನಬಿಯ ಕೈ ಮೀರಿಸುವವರಿಲ್ಲ. ಆಕೆ ಶಿವಗಂಗವ್ವನ ಗೋಡೆಗೆ ಗೋಡೆ ಹಚ್ಚಿದ ಮನೆಯವಳು. ಇಬ್ಬರ ಹೊರಸುಗಳೂ ದೊಡ್ಡ ಬೇವಿನ ಕೆಳಗೆ ಒಂದಕ್ಕೊಂದು ತಾಗಿ ನಿಲ್ಲುತ್ತವೆ. ಒಂದರ ಮೇಲಿನದು ರಮ್ಜಾನ್ ಹಬ್ಬಕ್ಕೆ, ಇನ್ನೊಂದರದು ಬೀಗರು ಬಂದಾಗಿನ ಪಾಯಸಕ್ಕೆ. ಕಾಗೆ ಓಡಿಸಲು ಕೋಲು ಎರಡಕ್ಕೂ ಒಂದೇ.

ಈಗ ಆಬಾಸಾಹೇಬ. ಮೊದಲು ಕಬ್ಬು ಕಡಿಯುವ ಗ್ಯಾಂಗುಗಳ ಗುತ್ತಿಗೆ ಹಿಡಿಯುತ್ತಿದ್ದ, ಈಗ ಬಿಲ್ಡರ್. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಕಚೇರಿಯಲ್ಲಿ ಎರಡರ ಜೊತೆಗೆ ಸ್ವಲ್ಪ ಇಂಗ್ಲಿಷ್. ಅವನ ಅರ್ಜಿಯ ಸಾರಾಂಶ ಇಷ್ಟು: ಸದರಿ ಜಾಗವನ್ನು ತನ್ನ ತಂದೆ ಕಚೇರಿಗೆ ಹಸ್ತಾಂತರ ಮಾಡಿದ ಕಾಗದವೇ ಇಲ್ಲ. ಮೂವತ್ತೈದು ವರ್ಷವಾದರೂ ಅಲ್ಲಿ ಉದ್ಯಾನ ಆಗಿಲ್ಲ. ಜಾಗ ಪಾಳು ಬಿದ್ದಿದೆ. ಆದ್ದರಿಂದ ಅಲ್ಲಿ ಹದಿನೆಂಟು ರೋ ಹೌಸ್ ಕಟ್ಟಲು ಪರವಾನಗಿ ಕೊಡಬೇಕು. ಸ್ಕೀಮಿನ ಹೆಸರು ನಂದನವನ. ಬ್ರೋಷರಿನ ಮೇಲೆ ಹಸಿರು ಲಾನು, ಒಂದು ಬೆಂಚು, ಬೆಂಚಿನ ಮೇಲೆ ನಗುತ್ತಿರುವ ಒಂದು ಬಿಳಿ ಸಂಸಾರ. (ಆ ಸಂಸಾರ ನಮ್ಮ ಊರಿನದಲ್ಲ.)

೩

ಇನ್ನು ತಪ್ಪಿನ ಕಥೆ. ಇದು ನಮ್ಮ ಮಂದಿ ಮಾತ್ರ ಮಾಡಬಹುದಾದ ತಪ್ಪು.

ಚೈತ್ರದಲ್ಲಿ ಕಚೇರಿಯಿಂದ ಸ್ಥಳ ಪರಿಶೀಲನೆಗೆ ಸಾಹೇಬರು ಬರುವುದೆಂದಾಯಿತು. ಜಾಗ ಉಪಯೋಗದಲ್ಲಿದೆಯೋ ಇಲ್ಲವೋ ನೋಡಿ, ಪಂಚನಾಮೆ ಬರೆದು, ಊರಿನವರ ಸಹಿ ಹಾಕಿಸಿಕೊಂಡು ಹೋಗುವುದು ಅವರ ಕೆಲಸ. ಸುದ್ದಿ ಮೊದಲು ಸಿಕ್ಕಿದ್ದು ನನಗೆ. ಸಂಜೆ ಓಣಿಗೆ ಬಂದು ನಾನೇ ಡಂಗುರ ಸಾರಿದೆ. ನಾಳೆ ಸಾಹೇಬರು ಬರುತ್ತಾರೆ, ಜಾಗ ಸ್ವಲ್ಪ ಚೊಲೊ ಕಾಣುವ ಹಾಗೆ ಮಾಡಿರಿ ಎಂದೆ.

ದೊಡ್ಡವರು ಬರುತ್ತಾರೆಂದರೆ ನಮ್ಮ ಕಡೆಯ ಹೆಂಗಸರು ಏನು ಮಾಡುತ್ತಾರೆ? ಅದನ್ನೇ ಮಾಡಿದರು. ಇಪ್ಪತ್ತಮೂರು ಹೊರಸು ಎತ್ತಿ ಅವರವರ ಮನೆಗೆ ಹೊತ್ತರು. ಅರ್ಧ ಒಣಗಿದ ಶ್ಯಾವಿಗೆಯನ್ನು ಒಳಗೆ ಹರವಿ ಫ್ಯಾನ್ ಹಚ್ಚಿದರು. ಬೇವಿಗೆ ಕಟ್ಟಿದ್ದ ಎಮ್ಮೆಗರುವನ್ನು ಹಿತ್ತಲಿಗೆ ಅಟ್ಟಿದರು. ನೆರಳಲ್ಲಿ ದಿನಾ ಇಸ್ಪೀಟಾಡುವ ಮುದುಕರಿಗೆ ಎರಡು ದಿನ ಇತ್ತ ಕಡೆ ಸುಳಿಯಬೇಡಿ ಎಂದು ತಾಕೀತು ಮಾಡಿದರು. ನೂರಜಾನಬಿ ಸಂಡಿಗೆಗೆ ಗಂಜಿ ಕಾಯಿಸುವ ಒಲೆಯ ಮೂರು ಕಲ್ಲುಗಳನ್ನು ಗೋಡೆಯ ಹಿಂದೆ ಉರುಳಿಸಿದಳು. ಆಮೇಲೆ ಇಡೀ ಬಯಲನ್ನು ಈ ತುದಿಯಿಂದ ಆ ತುದಿಯವರೆಗೆ ಗುಡಿಸಿ, ನೀರು ಚಿಮುಕಿಸಿದರು. ದೊಡ್ಡ ಬೇವಿನ ಬುಡಕ್ಕೆ ಶಿವಗಂಗವ್ವ ಸೆಗಣಿ ಸಾರಿಸಿ ರಂಗೋಲಿ ಹಾಕಿದಳು.

(ನೀವು ನಗುತ್ತಿದ್ದೀರಿ. ನಿಮ್ಮ ಮನೆಗೆ ಬೀಗರು ಬರುತ್ತಾರೆಂದರೆ ಕುರ್ಚಿಯ ಮೇಲಿನ ಬಟ್ಟೆ ರಾಶಿ ಎಲ್ಲಿಗೆ ಹೋಗುತ್ತದೆ, ಹೇಳಿ ನೋಡೋಣ.)

ಸಾಹೇಬರು ಹನ್ನೊಂದಕ್ಕೆ ಬಂದರು. ಭಾಳ ಸ್ವಚ್ಛ ಇಟ್ಟಿದ್ದೀರಿ ಎಂದು ಹೊಗಳಿದರು. ಶಿರಾ ತಿಂದು ಚಹಾ ಕುಡಿದರು. ಪಂಚನಾಮೆ ಬರೆಸಿದರು. ಹಿರಿಯಳೆಂದು ಶಿವಗಂಗವ್ವ ಮೊದಲ ಸಹಿ ಮಾಡಿದಳು, ಹಿಂದೆಯೇ ಇನ್ನು ನಾಲ್ವರು. ಹದಿನೈದು ದಿನದ ಮೇಲೆ ಅದರ ನಕಲು ಕೈಗೆ ಬಂತು. ಅದರಲ್ಲಿ ಹೀಗಿತ್ತು: 'ಸದರಿ ಜಾಗವು ಖಾಲಿ ಇದ್ದು, ಸ್ವಚ್ಛವಾಗಿದ್ದು, ಯಾವುದೇ ಉಪಯೋಗದಲ್ಲಿ ಇರುವುದು ಕಂಡುಬರಲಿಲ್ಲ.'

ತಮ್ಮ ತಲೆಯ ಮೇಲೆ ತಾವೇ ಚಪ್ಪಡಿ ಎಳೆದುಕೊಂಡಿದ್ದರು.

ಓಣಿಗೆ ಒಬ್ಬರನ್ನು ಬೈಯಬೇಕಿತ್ತು. ಸಹಿಗಳಲ್ಲಿ ಮೊದಲನೆಯದು ಯಾರದು? ಶಿವಗಂಗವ್ವನದು. ಓದದೆ ಹೆಬ್ಬೆಟ್ಟಿನವರ ಹಾಗೆ ಗೀಚಿದಳು ಎಂದರು. ಆಬಾಸಾಹೇಬ ಏನೋ ಕೊಟ್ಟಿರಬೇಕು ಎಂದವರೂ ಇದ್ದರು. ಎದುರಿಗೆ ಯಾರೂ ಏನೂ ಅನ್ನಲಿಲ್ಲ. ಆಕೆಯನ್ನು ಶ್ಯಾವಿಗೆಗೆ ಕರೆಯುವುದನ್ನು ಬಿಟ್ಟರು, ಅಷ್ಟೇ. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಆಕೆಯ ಮನೆಯ ಪಾಳಿಯ ದಿನ ಯಾರೂ ಬರಲಿಲ್ಲ. ರವೆ ನಾದಿ ಇಟ್ಟುಕೊಂಡು ಕಾಕು ಮಧ್ಯಾಹ್ನದವರೆಗೆ ಬಾಗಿಲಲ್ಲಿ ಕೂತಿದ್ದಳು. ನೂರಜಾನಬಿ ಬಂದಳು. ಇಬ್ಬರೇ ಕೂತು ಎಷ್ಟಾಗುತ್ತದೋ ಅಷ್ಟು ಎಳೆದರು, ಉಳಿದ ಹಿಟ್ಟು ಹುಳಿ ಬಂದು ಎಮ್ಮೆಯ ಪಾಲಾಯಿತು.

ನಾನು ಅದನ್ನೆಲ್ಲ ನನ್ನ ಕಿಟಕಿಯಿಂದ ನೋಡಿದೆ.

೪

ನಾಲ್ಕನೇ ಭಾಗಕ್ಕೆ ಒಂದು ಒಳ್ಳೆಯ ಕರಡು ಮಾಡಿದ್ದೆ. ಆಬಾಸಾಹೇಬ ಸಂಜೆ ಬಯಲಿಗೆ ಬರುತ್ತಾನೆ. ದೊಡ್ಡ ಬೇವಿನ ಕೆಳಗೆ ಅವನ ತಾಯಿ ಕುರಡಗಿ ಒಣಗಿಸುತ್ತಿದ್ದದ್ದು ನೆನಪಾಗುತ್ತದೆ. ಗಂಟಲು ಕಟ್ಟುತ್ತದೆ. ನಂದನವನದ ನಕ್ಷೆಯನ್ನು ಚೂರು ಚೂರು ಮಾಡಿ ಗಾಳಿಗೆ ತೂರುತ್ತಾನೆ. ಹತ್ತು ಸಾಲಿನ ಫ್ಲ್ಯಾಶ್‌ಬ್ಯಾಕ್, ಬರೆಯುವಾಗ ನನಗೇ ಕಣ್ಣಲ್ಲಿ ನೀರು ಬಂತು.

ಮರುದಿನ ಹೋಟೆಲಿನಲ್ಲಿ ಖುದ್ದು ಆಬಾಸಾಹೇಬನೇ ಸಿಕ್ಕ. ನನ್ನ ಚಹಾ ಅವನೇ ಹೇಳಿದ. ಸುಮ್ಮನಿರಲಾರದೆ ಅವನ ತಾಯಿಯ ಮಾತು ತೆಗೆದೆ. ಅವನಿಗೆ ಸಿಟ್ಟು ಬರಲಿಲ್ಲ, ಕಪ್ಪು ಕೆಳಗಿಟ್ಟು ಮೆತ್ತಗೆ ಮಾತಾಡಿದ.

"ಆಠವಣ ಐತಿ ರೈಟರ್. ಆಯಿ ಅಲ್ಲೇ ಕುರಡಗಿ ಒಣಗಸ್ತಿದ್ಲು, ನಾ ಕದ್ದ ತಿಂತಿದ್ದೆ. ಎಲ್ಲಾ ನೆನಪೈತಿ. ಆದ್ರ ಜಾಗಾ ನಮ್ಮಪ್ಪಂದು."

ನೆನಪಿದ್ದೂ ಕಟ್ಟುತ್ತಾನೆ. ನನ್ನ ಕಥೆಯಲ್ಲಿ ನೆನಪು ಬಂದರೆ ಸಾಕು, ಮನುಷ್ಯ ಕರಗುತ್ತಾನೆ. ಬೀದಿಯಲ್ಲಿ ಹಾಗೆ ನಡೆಯುವುದಿಲ್ಲ. ಆ ಕರಡನ್ನೂ ಹರಿದೆ. (ಹತ್ತು ಸಾಲಿನಲ್ಲಿ ಎರಡು ಚೆನ್ನಾಗಿದ್ದವು. ಇರಲಿ.)

ಕರಗುವವರಿಗೆ ಕಾಯುವ ಬದಲು ತಕರಾರು ಅರ್ಜಿ ಬರೆದೆ. ಓಣಿಯವರೆಲ್ಲ ಸಹಿ ಮಾಡಿದರು. ಹಿಂದಿನ ಪಂಚನಾಮೆಯಲ್ಲಿ ವಾಸ್ತವ ಬಂದಿಲ್ಲ, ಮತ್ತೊಮ್ಮೆ ಪರಿಶೀಲಿಸಬೇಕು ಎಂದು ಕೇಳಿಕೊಂಡೆವು. ನಾಲ್ಕು ವಾರ ಅಲೆದಾಡಿಸಿ ಕಚೇರಿಯವರು ತಾರೀಖು ಕೊಟ್ಟರು. ಮೇ ಕೊನೆಯ ಮಂಗಳವಾರ, ಬೆಳಿಗ್ಗೆ ಹನ್ನೊಂದು. ಅವತ್ತಿನ ಪಂಚನಾಮೆಯಲ್ಲೂ ಖಾಲಿ ಎಂದು ಬಂದರೆ ಬಯಲು ಹೋಯಿತು, ಮುಂದೆ ಯಾವ ಅರ್ಜಿಗೂ ಅರ್ಥವಿಲ್ಲ.

೫

ಈ ಭಾಗವನ್ನು ಮೂರನೆಯದರಲ್ಲೇ ಸೇರಿಸಬೇಕಿತ್ತು. ಸೇರಿಸಲಿಲ್ಲ. ಅಂಜಿದೆ.

ಮೊದಲ ಪಂಚನಾಮೆ ಬರೆದವನು ನಾನು.

ಸಾಹೇಬರ ಗುಮಾಸ್ತ ಅವತ್ತು ರಜೆಯಲ್ಲಿದ್ದ. ನಿಮ್ಮ ಅಕ್ಷರ ಮುತ್ತಿನಂತಿವೆ, ನೀವೇ ಬರೆಯಿರಿ ಎಂದು ಸಾಹೇಬರು ಕಾಗದ ನನ್ನ ಮುಂದೆ ಸರಿಸಿದರು. ನಾನು ಉಬ್ಬಿಹೋದೆ. ಜಾಗ ಖಾಲಿ ಇದೆ, ಸ್ವಚ್ಛ ಇದೆ ಎಂದು ಅವರು ಹೇಳಿದರು. ಅಷ್ಟೇ ಹೇಳಿದ್ದು. 'ಯಾವುದೇ ಉಪಯೋಗದಲ್ಲಿ ಇರುವುದು ಕಂಡುಬರಲಿಲ್ಲ' ಎಂಬುದನ್ನು ಯಾರೂ ಹೇಳಿಕೊಡಲಿಲ್ಲ. ವಾಕ್ಯ ಬೋಳುಬೋಳಾಗಿ ಕಾಣುತ್ತಿತ್ತು, ಅದಕ್ಕೊಂದು ತೂಕ ಬರಲಿ ಎಂದು ಬಾಲ ಸೇರಿಸಿದೆ. ನನಗೆ ಚಂದದ ವಾಕ್ಯದ ಚಟ. ಆ ಚಟಕ್ಕೆ ಇಪ್ಪತ್ತು ಗುಂಟೆ ಬಯಲು ಒತ್ತೆ ಬಿತ್ತು.

ಆಮೇಲೆ ಕಾಕುವಿಗೆ ಇಲ್ಲಿ ಸಹಿ ಮಾಡು ಎಂದೆ. ಓದಿ ಹೇಳಲಿಲ್ಲ. ಆಕೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ನನ್ನ ಮುಖ ನೋಡಿ ಸಹಿ ಮಾಡಿದಳು.

ಓಣಿ ಆಕೆಯನ್ನು ಬಿಟ್ಟಾಗ ನಾನು ಸುಮ್ಮನಿದ್ದೆ. ಈ ಕಥೆಯ ಕರಡುಗಳಲ್ಲೂ ಪಂಚನಾಮೆ ಬರೆದವನು 'ಯಾರೋ ಒಬ್ಬ ಗುಮಾಸ್ತ' ಆಗಿದ್ದ. ಬೇಕಿದ್ದರೆ ಮೇಲೆ ಹೋಗಿ ನೋಡಿ, 'ಪಂಚನಾಮೆ ಬರೆಸಿದರು' ಎಂದಷ್ಟೇ ಇದೆ. ಯಾರಿಂದ ಎಂದು ನೀವೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಸಾಲನ್ನು ತಿದ್ದದೆ ಹಾಗೆಯೇ ಬಿಟ್ಟಿದ್ದೇನೆ. ನನ್ನ ನಾಚಿಕೆಗೇಡಿತನ ಅಲ್ಲಿ ಕಾಣಲಿ.

ಒಂದು ಬೆಳಿಗ್ಗೆ ಹೋಗಿ ಕಾಕುವಿನ ಮುಂದೆ ಎಲ್ಲ ಹೇಳಿದೆ. ಆಕೆ ಬೆಳ್ಳುಳ್ಳಿ ಬಿಡಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ನಿನ್ನ ಅಕ್ಷರ ನನಗ ಗೊತ್ತಿಲ್ಲೇನೋ? ನಿಮ್ಮ ಕಾಕಾಂದು ಪೆನ್ಶನ್ ಅರ್ಜಿ ಬರದಾಂವ ನೀನ. ನಕಲು ಕೈಗಿ ಬಂದ ದಿನಾನ ಗುರ್ತ ಹಿಡದೀನಿ."

ಮತ್ತೆ ಓಣಿಯವರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರ ನಿನ್ನ ಟೇಬಲ್ಲಿಗೆ ಯಾರ ಬರ್ತಿದ್ರು? ಮಕ್ಕಳೊಂದಿಗ ಅದೀ." ಸಿಪ್ಪೆಯನ್ನು ಮೊರದಿಂದ ಊದಿ ನನ್ನ ಕಡೆ ನೋಡಿದಳು. "ಈ ಸಲಾನೂ ನೀನ ಬರೀಬೇಕು. ಬರದಾಂವನ ಅದನ್ನ ತಿದ್ದಬೇಕು."

ಅವತ್ತೇ ಸಂಜೆ ಒಂದೊಂದು ಮನೆಗೂ ಹೋದೆ. ಪ್ರತಿ ಬಾಗಿಲಲ್ಲೂ ನಿಂತು, ಬರೆದವನು ನಾನು, ಬೈಯುವುದಿದ್ದರೆ ನನ್ನನ್ನು ಬೈಯಿರಿ ಎಂದೆ. ಬೈದರು. ಒಬ್ಬರಂತೂ ಚಹಾ ಕೊಟ್ಟು ಬೈದರು. ಮರುದಿನ ಬೆಳಿಗ್ಗೆ ಶಿವಗಂಗವ್ವನ ಪಡಸಾಲೆಯಲ್ಲಿ ಹನ್ನೊಂದು ಹೆಂಗಸರು ಶ್ಯಾವಿಗೆಗೆ ಕೂತಿದ್ದರು, ತಪ್ಪಾಯಿತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಯಾರ ಎಳೆ ದಪ್ಪ, ಯಾರದು ಸಣ್ಣ ಎಂದು ಜಗಳ ನಡೆದಿತ್ತು. ಕಾಕುವಿನ ದನಿಯೇ ಎಲ್ಲರಿಗಿಂತ ಜೋರಾಗಿತ್ತು.

೬

ಈಗ ನಮ್ಮ ಓಣಿ ಮಾಡಬೇಕಾದ ಹೋರಾಟ ಕೇಳಿ. ಘೋಷಣೆ ಇಲ್ಲ, ಧರಣಿ ಇಲ್ಲ. ಸಾಹೇಬರು ಬರುವ ದಿನ ಯಾರೂ ಕಸಬರಿಗೆ ಮುಟ್ಟಬಾರದು. ಅಷ್ಟೇ.

ಕೇಳಲು ಸುಲಭ. ಉಪವಾಸ ಕೂರಿ ಎಂದರೆ ನಮ್ಮ ಹೆಂಗಸರು ಕೂರುತ್ತಾರೆ, ದೊಡ್ಡವರು ಬಂದಾಗ ಅಂಗಳ ಗುಡಿಸಬೇಡಿ ಎಂದರೆ ಅವರಿಗೆ ಜೀವ ಹೋಗುತ್ತದೆ. ಮಂಗಳವಾರ ಬೆಳಿಗ್ಗೆ ಏಳಕ್ಕೆ ನಾನು ಬಯಲಿಗೆ ಹೋದಾಗ ಶಿವಗಂಗವ್ವ ಕಸಬರಿಗೆ ಹಿಡಿದು ಬೇವಿನ ಕೆಳಗೆ ನಿಂತಿದ್ದಳು. ಎರಡು ದಿನದ ಉದುರೆಲೆ, ಕರುವಿನ ಸೆಗಣಿ, ಇಸ್ಪೀಟಿನವರು ಎಸೆದ ಬೀಡಿ ತುಂಡು, ಎಲ್ಲ ಆಕೆಯ ಕಣ್ಣಿಗೆ ಚುಚ್ಚುತ್ತಿದ್ದವು. ಬರೇ ಒಂದು ಮೂಲೆ ಎಂದಳು. ನೂರಜಾನಬಿ ಬಂದು ಕೈಯಿಂದ ಕಸಬರಿಗೆ ಕಸಿದು ತನ್ನ ಹೊರಸಿನ ಕೆಳಗೆ ತಳ್ಳಿ, ಹೊರಸಿನ ಪಕ್ಕದಲ್ಲೇ ಒಲೆ ಹೂಡಿ ಕೂತಳು. ಸಾಹೇಬ ಹೋಗೋತನಕ ಕೊಡಂಗಿಲ್ಲ ಎಂದಳು.

ಸಾಹೇಬರು ಅವರೇ, ಅದೇ ಹನ್ನೊಂದಕ್ಕೆ ಬಂದರು. ಜೊತೆಗೆ ಆಬಾಸಾಹೇಬ, ಬಿಳಿ ಅಂಗಿ. ಕಾಲಿಡಲು ಜಾಗವಿರಲಿಲ್ಲ. ಪ್ಯಾಂಟು ಎತ್ತಿ ಹಿಡಿದು, ಹೊರಸುಗಳ ಸಂದಿಯಲ್ಲಿ ಅಡ್ಡಡ್ಡ ನಡೆದು ಸಾಹೇಬರು ನೆರಳಿಗೆ ಬಂದರು. ಎಮ್ಮೆಗರು ಅವರ ಫೈಲು ಮೂಸಿತು. ಇಸ್ಪೀಟಿನ ಮುದುಕರು ಎಲೆ ಕೆಳಗಿಡಲಿಲ್ಲ.

ಇದೆಲ್ಲ ನಾಟಕ, ನಿನ್ನೆ ತಂದು ಹರವಿದ್ದಾರೆ ಎಂದು ಆಬಾಸಾಹೇಬ ಹೇಳಿದ. ಸಾಹೇಬರಿಗೂ ಹಾಗೇ ಅನ್ನಿಸಿರಬೇಕು. ಹೋದ ಸಲ ಇಲ್ಲಿ ಒಂದು ಕಡ್ಡಿಯೂ ಇರಲಿಲ್ಲವಲ್ಲ ಎಂದರು. ನಾನು ಬಾಯಿ ತೆರೆಯುವ ಮೊದಲೇ ಕಾಕು ಮುಂದೆ ಬಂದಳು.

"ನಾಟಕ ಹ್ವಾದ ಸಲಾ ಮಾಡಿದ್ವಿರಿ ಸಾಹೇಬ್ರ. ನೀವು ಬರ್ತೀರಂತ ಬಾಳೇದ ಸಾಮಾನೆಲ್ಲಾ ಎತ್ತಿ ಮನ್ಯಾಗ ಮುಚ್ಚಿಟ್ಟಿದ್ವಿ. ಇದು ನಾವು ದಿನಾ ಇರೂ ರೀತಿ. ಇವತ್ತ ಗುಡಿಸಿಲ್ಲರಿ, ತಪ್ಪ ತಿಳಿಬ್ಯಾಡ್ರಿ."

ಸಾಹೇಬರು ಬಾಗಿ ಹೊರಸಿನ ಕಾಲು ನೋಡಿದರು. ಇಪ್ಪತ್ತಮೂರು ಹೊರಸುಗಳ ಕಾಲು ವರ್ಷಗಟ್ಟಲೆ ನಿಂತು ನೆಲದಲ್ಲಿ ಮಾಡಿದ್ದ ಕುಳಿಗಳು ಅಲ್ಲಿದ್ದವು. ಹೋದ ಸಲವೂ ಇದ್ದವು, ಆದರೆ ಅವತ್ತು ಗುಡಿಸಿದ ಮಣ್ಣು ಅವುಗಳಲ್ಲಿ ತುಂಬಿತ್ತು, ಬೇವಿನ ಬುಡದವುಗಳ ಮೇಲೆ ಕಾಕು ಸೆಗಣಿ ಸಾರಿಸಿ ರಂಗೋಲಿ ಎಳೆದಿದ್ದಳು. ಸಾಹೇಬರು ಕಾಗದ ತೆಗೆದರು. ಈ ಸಲ ನಾನೇ ಕೇಳಿಕೊಂಡು ಬರೆಯಲು ಕೂತೆ.

ಅವರು ಹೇಳಿದಷ್ಟೇ ಬರೆದೆ. ಹೊರಸು ಇಪ್ಪತ್ತಮೂರು. ಒಲೆ ಒಂದು. ಕರು ಒಂದು. ಗಿಡ ಐದು. ಯಾವ ವಾಕ್ಯಕ್ಕೂ ಬಾಲ ಹಚ್ಚಲಿಲ್ಲ. ಮುಗಿದ ಮೇಲೆ ಕಾಕುವಿನ ಕೈಗೆ ಪೆನ್ನು ಕೊಡಲು ಹೋದೆ, ಆಕೆ ಕೈ ಹಿಂದಕ್ಕೆ ಎಳೆದುಕೊಂಡಳು. ಮೊದಲು ಓದು ಎಂದಳು. ಓದಿದೆ. ಇನ್ನೊಮ್ಮೆ ಎಂದಳು. ಓದಿದೆ. ಆಮೇಲೆ ಸಾಹೇಬರ ಕಡೆ ತಿರುಗಿದಳು.

"ನಮ್ಮ ಮನಿಯವ್ರನ್ನ ಕಡೀಕ ಕೂಡಿಸಿದ್ದು ಈ ಬೇವಿನ ಬುಡಕ. ಓಣ್ಯಾಗ ಹೆಣಾ ಹೊರೂ ವಿಮಾನ ತಿರಗಾಕ ಜಾಗಾ ಇಲ್ಲರಿ. ಯಾರ ಸತ್ರೂ ಇಲ್ಲೇ ತಂದ ಕೂಡಸ್ತೀವಿ. ನೂರಜಾನಬಿ ಗಂಡನ ಜನಾಜಾನೂ ಇಲ್ಲೇ ಇಳಿಸಿದ್ರು. ಅದನ್ನೂ ಬರಸ್ರಿ."

ಅದಕ್ಕೆಲ್ಲ ಫಾರಂನಲ್ಲಿ ಕಾಲಂ ಇಲ್ಲಮ್ಮ ಎಂದು ಸಾಹೇಬರು ಹೇಳಿದರು. ಒರಟಾಗಿ ಹೇಳಲಿಲ್ಲ, ಕಾಲಂ ನಿಜವಾಗಿಯೂ ಇರಲಿಲ್ಲ.

ಕಾಕು ನನ್ನ ಕೈಯಿಂದ ಕಾಗದ ತೆಗೆದುಕೊಂಡು ತಿರುವಿ ಹಿಡಿದಳು.

"ಹಿಂದಿನ ಮಗ್ಗಲಾ ಖಾಲಿ ಐತೆಲ್ಲರಿ. ಇಲ್ಲಿ ಬರಸ್ರಿ."

ಸಾಹೇಬರು ಆ ಬಿಳಿ ಮಗ್ಗುಲನ್ನು ನೋಡಿ, ಬರೆಯಿರಿ ಎಂದರು. ನಾನು ಬರೆದೆ. ಮುರಗೆಪ್ಪ ಕಾಕಾನ ಹೆಸರು ಬರೆಯುವಾಗ ಅಕ್ಷರ ಸೊಟ್ಟಗಾದವು, ತಿದ್ದಲಿಲ್ಲ. ಆಮೇಲೆ ಒಬ್ಬೊಬ್ಬರೇ ಬಂದು ಹೇಳತೊಡಗಿದರು. ಯಾರ ಮದುವೆಯ ಪಂಕ್ತಿ ಎಲ್ಲಿ ಕೂತಿತ್ತು, ಕೃಷ್ಣೆಗೆ ಮಹಾಪೂರ ಬಂದ ವರ್ಷ ಯಾವ ಹಳ್ಳಿಯ ದನಕರು ಇಲ್ಲಿ ಕಟ್ಟಿದ್ದವು, ಎಲ್ಲ ಬರೆದೆ. ಕೊನೆಗೆ ಕಾಕು ಆಬಾಸಾಹೇಬನ ಕಡೆ ಬೆರಳು ಮಾಡಿ, ಇವರ ಅವ್ವನ ಕುರಡಗಿನೂ ಇಲ್ಲೇ ಒಣಗಿದಾವು, ಬರಿ ಎಂದಳು.

ನಾನು ತಲೆ ಎತ್ತಿ ಅವನನ್ನು ನೋಡಿದೆ. ಅವನು ಮೊಬೈಲಿನಲ್ಲಿ ಏನೋ ತಿಕ್ಕುತ್ತಿದ್ದ. ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ನಾನು ಬರೆದೆ. ಎಲ್ಲವನ್ನೂ ಮತ್ತೊಮ್ಮೆ ಓದಿಸಿಕೊಂಡು ಕಾಕು ಸಹಿ ಮಾಡಿದಳು.

ಸಾಹೇಬರ ಕಾರು ತಿರುವು ದಾಟಿದ ಕೂಡಲೇ ನೂರಜಾನಬಿ ಕಸಬರಿಗೆ ಹೊರಗೆಳೆದು ಕೊಟ್ಟಳು. ಮರ್ಯಾದೆ ಹೋಯಿತು ಎಂದು ಬಯ್ಯುತ್ತ ಶಿವಗಂಗವ್ವ ಆ ಒಂದು ಮೂಲೆಯನ್ನು ಗುಡಿಸಿಯೇ ಬಿಟ್ಟಳು.

೭

ನಿಮಗೀಗ ಮುಕ್ತಾಯ ಬೇಕು. ಮೂರು ತಯಾರಿವೆ.

ಅ) ಆಬಾಸಾಹೇಬನ ಅರ್ಜಿ ತಿರಸ್ಕೃತ. ಓಣಿಯಲ್ಲಿ ಗುಲಾಲು, ಪೇಢೆ. ಕಚೇರಿಯೇ ಬಂದು ಬೋರ್ಡು ಹಾಕುತ್ತದೆ. (ಇದನ್ನು ಬರೆಯುವಾಗ ನನಗೇ ನಂಬಿಕೆ ಬರಲಿಲ್ಲ.)

ಆ) ಪರವಾನಗಿ ಸಿಕ್ಕಿತು. ಎರಡನೇ ಭಾಗದ ಜೆಸಿಬಿ ಕೊನೆಗೂ ಬಂತು. ಬೇವು ಉರುಳಿತು. (ಇದನ್ನು ಅರ್ಧಕ್ಕೇ ಬಿಟ್ಟೆ, ಕೈ ಓಡಲಿಲ್ಲ.)

ಇ) ರಾಜಿ. ಒಂಬತ್ತು ರೋ ಹೌಸ್, ಉಳಿದ ಜಾಗದಲ್ಲಿ ಬೇಲಿ ಹಾಕಿದ ಉದ್ಯಾನ. ಬೆಂಚು, ಲಾನು. ಗೇಟಿಗೆ ಫಲಕ: 'ಇಲ್ಲಿ ಹೊರಸು ಹಾಕಬಾರದು.' (ಮೂರರಲ್ಲಿ ನನಗೆ ಹೆಚ್ಚು ಅಂಜಿಕೆ ಇದರದೇ.)

ಶಿವಗಂಗವ್ವನಿಗೆ ಮೂರನ್ನೂ ಓದಿದೆ. (ಹೌದು, ಮತ್ತೆ ತೋರಿಸಿದೆ. ನನಗೆ ಬುದ್ಧಿ ಬರುವುದಿಲ್ಲ.) ಆಕೆಗೆ ಯಾವುದೂ ಒಪ್ಪಿಗೆಯಾಗಲಿಲ್ಲ.

"ಆರ್ಡರ್ ಬಂದಿಲ್ಲ. ಬರೂಕಿಂತ ಮೊದಲ ಮುಗಸಾಕ ನೀ ಯಾಂವ? ಒಮ್ಮೆ ಹಂಗ ಚಂದಗಾಣಸಿ ಬರದು ಮುಗಸಿದ್ದಿ. ಸಾಕಾಗಿಲ್ಲೇನ?"

ಆರ್ಡರ್ ಬಂದಿಲ್ಲ, ಖರೆ. ಆಗಸ್ಟಿನಲ್ಲಿ ಬರಬಹುದು ಎನ್ನುತ್ತಾರೆ, ದೀಪಾವಳಿಯೂ ಆಗಬಹುದು. ಬಂದರೂ ಆಬಾಸಾಹೇಬ ಮೇಲಿನ ಕಚೇರಿಗೆ ಹೋಗುತ್ತಾನೆ, ಅವನು ಹೋಗದಿದ್ದರೆ ನಾವು ಹೋಗುತ್ತೇವೆ. ಮೂರನೇ ಸಲ ಯಾರೋ ಬಂದು ನೋಡುತ್ತಾರೆ, ಯಾವತ್ತು ಎಂದು ಈ ಸಲ ನನಗೂ ಮೊದಲೇ ತಿಳಿಯುವುದಿಲ್ಲ.

೭ (ಗುಡಿಸಿದ್ದು)

ಸಂಪಾದಕರಿಗೆ ಕಳಿಸುವ ಮೊದಲು ಕಥೆಯನ್ನು ಚೊಕ್ಕ ಮಾಡಲು ಕೂತೆ. ಹರಿದ ಕರಡು, ಕಂಸಗಳು, ಎರಡೆರಡು ಸಲ ಬಂದ ಅಂಕಿ, ನನ್ನ ಗೊಣಗಾಟ ಎಲ್ಲ ತೆಗೆದೆ. ಹನ್ನೊಂದು ಸಾಲು ಉಳಿಯಿತು. ನುಣ್ಣಗಿತ್ತು. ಓದಿದರೆ ಅಲ್ಲಿ ಯಾರೂ ಇರಲಿಲ್ಲ, ಕಾಕುವೂ ಇಲ್ಲ, ನಾನು ಮಾಡಿದ ತಪ್ಪೂ ಇಲ್ಲ. ಎಲ್ಲವನ್ನೂ ವಾಪಸ್ ತಂದು ಇದ್ದಲ್ಲೇ ಹಾಕಿದ್ದೇನೆ. ಎಡವಿದರೆ ಬೈದುಕೊಳ್ಳಿ.

೮

ಮಿರಗ ಬಂತು. ಮಳೆಯಲ್ಲಿ ಶ್ಯಾವಿಗೆ ಇಲ್ಲ, ಹಪ್ಪಳ ಇಲ್ಲ, ಒಣಗಿಸಲು ಏನೂ ಇಲ್ಲ. ಆದರೂ ಬಯಲು ಒಂದು ದಿನವೂ ಬರಿದಾಗಿ ಕಾಣಬಾರದು ಎಂದು ಹೆಂಗಸರು ಪಾಳಿ ಹಚ್ಚಿದ್ದಾರೆ. ದಿನಕ್ಕೊಂದು ಮನೆ. ಆ ಮನೆಯವರು ಬೆಳಿಗ್ಗೆ ತಮ್ಮ ಹೊರಸು ಹೊತ್ತು ತಂದು ಬೇವಿನ ಕೆಳಗೆ ಹಾಕಬೇಕು, ಒಬ್ಬರಾದರೂ ಅದರ ಮೇಲೆ ಕೂತಿರಬೇಕು, ಸಂಜೆ ಎತ್ತಬೇಕು. ಮಳೆ ಬಂದರೆ ಛತ್ರಿ. ನಿನ್ನೆ ನೂರಜಾನಬಿ ಛತ್ರಿ ಹಿಡಿದು ಕೂತು ಇಡೀ ದಿನ ಶೇಂಗಾ ಸುಲಿದಳು. ಹನ್ನೊಂದು ದಿನ ಆಯಿತು, ಒಂದು ದಿನವೂ ತಪ್ಪಿಲ್ಲ.

ಇವತ್ತಿನ ಪಾಳಿ ನಮ್ಮದು. ನನ್ನ ಹೆಂಡತಿ ತವರಿಗೆ ಹೋಗಿದ್ದಾಳೆ. ಹೊರಗೆ ಜಿನುಗುತ್ತಿದೆ, ಶಿವಗಂಗವ್ವ ಕಾಕು ಬಾಗಿಲಲ್ಲಿ ನಿಂತು ಇನ್ನೂ ಬರೀತಾನ ಇದ್ದೀಯೇನೋ ಎಂದು ಎರಡು ಸಲ ಕೂಗಿದ್ದಾಳೆ. ನಮ್ಮದು ಸಾಗವಾನಿ ಹೊರಸು, ಅಜ್ಜನ ಕಾಲದ್ದು, ಒಬ್ಬನಿಂದ ಏಳುವುದಿಲ್ಲ. ಕಾಕುವಿಗೆ ಸೊಂಟ ನೋವು, ಆಕೆಗೆ ಹೇಳುವಂತಿಲ್ಲ.

ನೀವು ಇಷ್ಟು ಹೊತ್ತು ಆರಾಮಾಗಿ ಕೂತು ಓದಿದಿರಲ್ಲ, ಏಳಿ. ಆ ಕಡೆಯಿಂದ ಹಿಡಿಯಿರಿ.